ಇ-ರೀಡರ್ ಕೊಳ್ಳುವ ಮುನ್ನ
"ಮೌಲಾನಾ, ಮಗಳ ಓದಿಗೆ ಕಿಂಡಲ್ ಕೊಡಿಸಲೇ?" ಎಂದು ಜುಮಾ ನಂತರ ಕೇಳುವವರಿದ್ದಾರೆ. ಕೊಡಿಸಿ, ಮೊಬೈಲಿನಂತೆ ಅದು ರೀಲ್ಸ್ ಕಡೆಗೆ ಎಳೆಯುವುದಿಲ್ಲ. ಇ-ಇಂಕ್ ಪರದೆ ಮುಖ್ಯವಾಗಿ ಪುಟ ಬದಲಾಗುವಾಗ ವಿದ್ಯುತ್ ಬಳಸುವುದರಿಂದ ಒಮ್ಮೆ ಚಾರ್ಜ್ ಮಾಡಿದರೆ ವಾರಗಟ್ಟಲೆ ಬರುತ್ತದೆ.

ಆದರೆ ಕುಡಚಿಯ ನಮ್ಮ ಮನೆಗಳಿಗೆ ಕನ್ನಡ, ಉರ್ದು, ಅರಬಿ ಮೂರೂ ಬೇಕು. 2016ರಲ್ಲಿ ಕಿಂಡಲ್ ಅಂಗಡಿಗೆ ಹಿಂದಿ, ಮರಾಠಿ ಸೇರಿ ಐದು ಭಾರತೀಯ ಭಾಷೆಗಳು ಬಂದಾಗ ಕನ್ನಡವೂ ಇರಲಿಲ್ಲ, ಉರ್ದುವೂ ಇರಲಿಲ್ಲ. ಕನ್ನಡ ಇ-ಪುಸ್ತಕಗಳ ಮೈಲ್ಯಾಂಗ್ ಆ್ಯಪ್ ಬೇಕಿದ್ದರೆ ಆಂಡ್ರಾಯ್ಡ್ ಇರುವ ಬೂಕ್ಸ್‌ನಂಥ ರೀಡರ್ ನೋಡಬೇಕು; ಬೆಲೆ ಮಾತ್ರ ಹೆಚ್ಚು.

ಪಿಡಿಎಫ್ ತೆರೆಯುತ್ತದಲ್ಲ ಎನ್ನಬಹುದು. ಆರು ಇಂಚಿನ ಪರದೆಯಲ್ಲಿ ಇಡೀ ಪುಟ ಕುಗ್ಗಿ, ಉರ್ದುವಿನ ನುಕ್ತೆಗಳೇ ಕಾಣವು. ಅಜ್ಜ-ಅಜ್ಜಿಯರಿಗೆ ಅದು ಶಿಕ್ಷೆ. ಇಪಬ್ ಕಡತವಾದರೆ ಅಕ್ಷರ ದೊಡ್ಡದಾಗುತ್ತದೆ. ಹಣ ಕೊಡುವ ಮುನ್ನ ಮೂರೂ ಲಿಪಿಯ ಇಪಬ್ ತೆರೆದು ನೋಡಿ. ಕನ್ನಡದ ಒತ್ತಕ್ಷರ ಕಳಚಿಕೊಂಡರೆ, ಉರ್ದು ಅಕ್ಷರಗಳು ಬಿಡಿಬಿಡಿಯಾಗಿ ನಿಂತರೆ ಆ ಮಾಡೆಲ್ ಬೇಡ.