ಉಷ್ಣವಲಯದ ಕಡಲು: ಗಾಳಿ, ಅಲೆ ಮತ್ತು ಮುನ್ಸೂಚನೆ

ಕರ್ಕಾಟಕ ಮತ್ತು ಮಕರ ಸಂಕ್ರಾಂತಿ ವೃತ್ತಗಳ ನಡುವಿನ ಕಡಲುಗಳಲ್ಲಿ ವರ್ಷದ ಬಹುಪಾಲು ದಿನ ಹವೆ ಒಂದೇ ಬಗೆಯದು. ಉತ್ತರಾರ್ಧಗೋಳದಲ್ಲಿ ಈಶಾನ್ಯದಿಂದಲೂ ದಕ್ಷಿಣಾರ್ಧಗೋಳದಲ್ಲಿ ಆಗ್ನೇಯದಿಂದಲೂ ವಾಣಿಜ್ಯ ಮಾರುತಗಳು ಬೀಸುತ್ತವೆ. ಅವೆರಡೂ ಸಂಧಿಸುವ ಪಟ್ಟಿಯಲ್ಲಿ ಗಾಳಿ ಸೋತು, ಮೋಡಗಳು ಮುಗಿಲೆತ್ತರಕ್ಕೆ ಬೆಳೆದು ದಿಢೀರನೆ ಮಳೆ ಸುರಿಸುತ್ತವೆ. ಇಷ್ಟು ನಿಯಮಿತವಾಗಿ ಕಾಣುವ ಕಡಲಿನ ಹವಾಮಾನವನ್ನು ಮುಂಚಿತವಾಗಿ ಹೇಳುವುದು ಮಾತ್ರ ಸುಲಭವಲ್ಲ.

ಯುರೋಪಿನಂಥ ಸಮಶೀತೋಷ್ಣ ಪ್ರದೇಶದಲ್ಲಿ ವಾಯುಭಾರದ ನಕ್ಷೆ ಕೈಯಲ್ಲಿದ್ದರೆ ನಾಳಿನ ಗಾಳಿ ಅರ್ಧ ತಿಳಿದಂತೆಯೇ. ಭೂಮಧ್ಯರೇಖೆಯ ಹತ್ತಿರ ಭೂಭ್ರಮಣದ ಪ್ರಭಾವ ಕ್ಷೀಣ. ಅಲ್ಲಿ ವಾಯುಭಾರದ ದೊಡ್ಡ ವ್ಯತ್ಯಾಸಗಳು ಉಳಿಯುವುದೇ ಇಲ್ಲ. ಬಿಸಿನೀರಿನ ಮೇಲೆ ಕೆಲವೇ ಗಂಟೆಗಳಲ್ಲಿ ಹುಟ್ಟಿ ಅಳಿಯುವ ಗುಡುಗುಮೋಡಗಳೇ ಅಲ್ಲಿನ ಹವೆಯನ್ನು ನಡೆಸುತ್ತವೆ. ವಾಯುಭಾರಮಾಪಕವಂತೂ ದಿನಕ್ಕೆರಡು ಬಾರಿ ಲಯಬದ್ಧವಾಗಿ ಏರಿಳಿಯುತ್ತದೆ: ಬೆಳಿಗ್ಗೆ ಮತ್ತು ರಾತ್ರಿ 10ರ ಸುಮಾರಿಗೆ ಏರಿಕೆ, ಸಂಜೆ ಮತ್ತು ನಸುಕಿನ 4ರ ಸುಮಾರಿಗೆ ಇಳಿಕೆ, ಒಟ್ಟು ಸುಮಾರು 3 ಹೆಕ್ಟೊಪಾಸ್ಕಲ್‌ನಷ್ಟು. ಈ ದೈನಂದಿನ ಏರಿಳಿತವನ್ನು ಲೆಕ್ಕದಿಂದ ತೆಗೆದ ಮೇಲೂ ಒತ್ತಡ ವಾಡಿಕೆಗಿಂತ 5 ಹೆಕ್ಟೊಪಾಸ್ಕಲ್ ಕೆಳಗಿದ್ದರೆ ಸಮೀಪದಲ್ಲೆಲ್ಲೋ ಚಂಡಮಾರುತವಿದೆ ಎಂದು ಹಡಗಿನವರು ಇಂದಿಗೂ ಎಚ್ಚರಗೊಳ್ಳುತ್ತಾರೆ.

ಗಾಳಿಗಿಂತಲೂ ಹೆಚ್ಚು ಮೋಸಗೊಳಿಸುವುದು ಅಲೆ. ಕಡಲಿನ ಅಲೆಗಳಲ್ಲಿ ಎರಡು ಜಾತಿ. ಅಲ್ಲೇ ಬೀಸುವ ಗಾಳಿ ಎಬ್ಬಿಸುವ ಅಲೆಗಳು ಗಿಡ್ಡ, ಕಡಿದು, ಅಡ್ಡಾದಿಡ್ಡಿ. ಗಾಳಿ ನಿಂತರೆ ಅವೂ ಅಡಗುತ್ತವೆ. ಇನ್ನೊಂದು, ದೂರದ ಬಿರುಗಾಳಿಯಿಂದ ಹುಟ್ಟಿ ಸಾವಿರಾರು ಕಿಲೋಮೀಟರ್ ಸಾಗಿಬರುವ ಉಬ್ಬಲೆ, ಅಂದರೆ ಸ್ವೆಲ್. ಅರಬ್ಬಿ ಸಮುದ್ರಕ್ಕೆ ಬರುವ ಅತಿ ನೀಳವಾದ ಉಬ್ಬಲೆಗಳ ತವರು ಹಿಂದೂ ಮಹಾಸಾಗರದ ದಕ್ಷಿಣ ತುದಿ. ಅಲ್ಲಿನ ಬಿರುಗಾಳಿ ಎಬ್ಬಿಸಿದ, 18 ಸೆಕೆಂಡಿಗೊಮ್ಮೆ ಏಳುವ ಅಲೆಯ ಉದ್ದ ಸುಮಾರು 500 ಮೀಟರ್. ಅಂಥ ಅಲೆಗಳ ಗುಂಪು ಗಂಟೆಗೆ ಸುಮಾರು 50 ಕಿಲೋಮೀಟರ್ ವೇಗದಲ್ಲಿ, ಅಂದರೆ ದಿನಕ್ಕೆ 1,200 ಕಿಲೋಮೀಟರ್ ಸಾಗುತ್ತದೆ. ದಕ್ಷಿಣದ 40ನೇ ಅಕ್ಷಾಂಶದಲ್ಲಿ ಹೊರಟದ್ದು ಭಾರತದ ಪಶ್ಚಿಮ ಕರಾವಳಿ ಮುಟ್ಟಲು ಐದಾರು ದಿನ ಸಾಕು.

ಆಳಸಮುದ್ರದಲ್ಲಿ ಈ ಅಲೆ ಕಣ್ಣಿಗೆ ಬೀಳುವುದೇ ಇಲ್ಲ. ಒಂದು ಮೀಟರ್ ಎತ್ತರ 500 ಮೀಟರ್ ಉದ್ದಕ್ಕೆ ಹರಡಿರುವಾಗ ದೋಣಿಗೆ ಅದು ಮೆಲ್ಲನೆಯ ಏರಿಳಿತವಷ್ಟೆ. ನೀರು ಆಳ ಕಳೆದುಕೊಳ್ಳುತ್ತ ಬಂದಂತೆ ಅಲೆಯ ವೇಗ ತಗ್ಗುತ್ತದೆ, ಎತ್ತರ ಹೆಚ್ಚುತ್ತದೆ. ಆಕಾಶ ಶುಭ್ರವಾಗಿದ್ದು ಗಾಳಿಯ ಸುಳಿವೂ ಇಲ್ಲದ ದಿನ ನೀರು ಇದ್ದಕ್ಕಿದ್ದಂತೆ ಮನೆಯಂಗಳಕ್ಕೆ ನುಗ್ಗುವುದನ್ನು ಕೇರಳದ ಮೀನುಗಾರರು ‘ಕಳ್ಳಕ್ಕಡಲ್’ ಎನ್ನುತ್ತಾರೆ. ಮುಂಗಾರಿಗೆ ಮುಂಚಿನ ಏಪ್ರಿಲ್, ಮೇ ತಿಂಗಳಲ್ಲಿ ಇದು ಹೆಚ್ಚು. ನದಿ ಕಡಲು ಸೇರುವ ಅಳಿವೆಗಳಲ್ಲಿ ಅಪಾಯ ಇಮ್ಮಡಿ: ಇಳಿತದ ಹೊತ್ತಿನಲ್ಲಿ ಹೊರಹರಿಯುವ ನೀರು ಒಳಬರುವ ಅಲೆಗೆ ಎದುರಾಗಿ ಅದನ್ನು ಇನ್ನಷ್ಟು ಕಡಿದಾಗಿ ನಿಲ್ಲಿಸುತ್ತದೆ. ಗಂಗೊಳ್ಳಿಯಂಥ ಅಳಿವೆಗಳಲ್ಲಿ ದಡ ಕಣ್ಣೆದುರಿಗೇ ಇರುವಾಗ ದೋಣಿ ಮಗುಚಲು ಇಂಥದೊಂದು ಅಲೆ ಸಾಕು.

ಸಮಾಧಾನದ ಸಂಗತಿಯೆಂದರೆ, ಉಬ್ಬಲೆಯ ಪ್ರಯಾಣ ಲೆಕ್ಕಕ್ಕೆ ಸಿಗುತ್ತದೆ. ನೀಳವಾದ ಅಲೆಗಳು ಮೊದಲು ತಲುಪುತ್ತವೆ, ಗಿಡ್ಡವಾದವು ಹಿಂದೆ ಬೀಳುತ್ತವೆ. ದಕ್ಷಿಣದಲ್ಲಿ ಬಿರುಗಾಳಿ ಎದ್ದದ್ದನ್ನು ಉಪಗ್ರಹ ಕಂಡ ಕೂಡಲೇ ಕಂಪ್ಯೂಟರ್ ಮಾದರಿಗಳು ಅಲೆಯ ದಾರಿ ಮತ್ತು ತಲುಪುವ ಹೊತ್ತನ್ನು ಹೇಳಬಲ್ಲವು. ಗುಡುಗುಮೋಡ ನಾಳೆ ಎಲ್ಲಿ ಏಳುತ್ತದೆಂದು ಹೇಳಲಾಗದ ವಿಜ್ಞಾನ, ಐದು ದಿನ ಆಚೆಯ ಅಲೆಯನ್ನು ಇಷ್ಟು ವಿಶ್ವಾಸದಿಂದ ಹೇಳುವುದು ದೊಡ್ಡ ಸಾಧನೆಯೇ ಸರಿ.

‘ಅಲೆಗಳ ಎತ್ತರ 3 ಮೀಟರ್’ ಎಂಬ ಮುನ್ಸೂಚನೆಯನ್ನು ಹೆಚ್ಚಿನವರು ತಪ್ಪಾಗಿ ಓದುತ್ತಾರೆ. ಅದು ಗರಿಷ್ಠ ಎತ್ತರವಲ್ಲ. ಎಲ್ಲ ಅಲೆಗಳ ಪೈಕಿ ದೊಡ್ಡದಾದ ಮೂರನೇ ಒಂದು ಭಾಗದ ಸರಾಸರಿ. ಅದೇ ಕಡಲಿನಲ್ಲಿ ಕೆಲವು ಗಂಟೆಗಳೊಳಗೆ ಅದರ ಸುಮಾರು ಎರಡು ಪಟ್ಟು ಎತ್ತರದ, ಅಂದರೆ 6 ಮೀಟರಿನ ಅಲೆಯೊಂದು ಏಳುವುದು ಅಸಹಜವಲ್ಲ.

ಉತ್ತರ ಹಿಂದೂ ಮಹಾಸಾಗರಕ್ಕೆ ಉಷ್ಣವಲಯದ ಹೆಚ್ಚಿನ ಕಡಲುಗಳಿಗಿಲ್ಲದ ಒಂದು ವಿಶೇಷವಿದೆ: ಇಲ್ಲಿ ಗಾಳಿ ಋತುವಿನೊಂದಿಗೆ ದಿಕ್ಕನ್ನೇ ತಿರುಗಿಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯದಿಂದ ಬೀಸುವ ಬಲವಾದ ಗಾಳಿಗೆ ಅರಬ್ಬಿ ಸಮುದ್ರ ವಾರಗಟ್ಟಲೆ ಅಬ್ಬರಿಸುತ್ತದೆ. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳ ಮೀನುಗಾರಿಕೆಗೆ ನಿಷೇಧವಿದೆ. ಮೀನುಮರಿಗಳ ರಕ್ಷಣೆ ಅದರ ಉದ್ದೇಶವಾದರೂ ಜೀವರಕ್ಷಣೆಗೂ ಅದರಿಂದ ನೆರವಾಗಿದೆ.

ಚಂಡಮಾರುತಕ್ಕೆ ಕನಿಷ್ಠ 26.5 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರು ಬೇಕು, ಭೂಮಧ್ಯರೇಖೆಯಿಂದ ಸಾಮಾನ್ಯವಾಗಿ ಐದು ಡಿಗ್ರಿಯಾದರೂ ದೂರ ಬೇಕು, ಕೆಳಗಿನ ಗಾಳಿಗೂ ಮೇಲಿನ ಗಾಳಿಗೂ ವೇಗದಲ್ಲಿ ಹೆಚ್ಚು ಅಂತರವಿರಬಾರದು. ಮುಂಗಾರಿನ ನಡುಗಾಲದಲ್ಲಿ ಈ ಅಂತರ ಬಹಳ ಹೆಚ್ಚು. ಆದ್ದರಿಂದ ಇಲ್ಲಿನ ಚಂಡಮಾರುತಗಳು ಮುಂಗಾರಿನ ಆಚೀಚೆ, ಅಂದರೆ ಏಪ್ರಿಲ್‌ನಿಂದ ಜೂನ್ ಮತ್ತು ಅಕ್ಟೋಬರ್‌ನಿಂದ ಡಿಸೆಂಬರ್ ಅವಧಿಯಲ್ಲಿ ಏಳುತ್ತವೆ. ಗಾಳಿಯ ವೇಗ ಗಂಟೆಗೆ 62 ಕಿಲೋಮೀಟರ್ ಮುಟ್ಟಿದಾಗ ವಾಯುಭಾರ ಕುಸಿತ ಚಂಡಮಾರುತವೆನಿಸಿ ಹೆಸರು ಪಡೆಯುತ್ತದೆ.

ಚಂಡಮಾರುತ ಸಾಗುವ ದಾರಿಗಿಂತ ಅದು ಬಲಗೊಳ್ಳುವ ವೇಗವನ್ನು ಊಹಿಸುವುದು ಕಷ್ಟ. 2017ರ ನವೆಂಬರ್ ಕೊನೆಯಲ್ಲಿ ಶ್ರೀಲಂಕಾ ಬಳಿಯ ವಾಯುಭಾರ ಕುಸಿತ ಒಂದೇ ದಿನದಲ್ಲಿ ‘ಓಖಿ’ ಚಂಡಮಾರುತವಾಯಿತು. ಕೇರಳ, ತಮಿಳುನಾಡುಗಳ ಆಳಸಮುದ್ರದ ಬೋಟುಗಳು ಅದಕ್ಕೆ ಮೊದಲೇ ಕಡಲಿಗಿಳಿದಾಗಿತ್ತು. ಮೊಬೈಲ್ ಸಿಗ್ನಲ್ ತಲುಪದಷ್ಟು ದೂರದಲ್ಲಿದ್ದ ಎಷ್ಟೋ ಮೀನುಗಾರರು ಮರಳಲಿಲ್ಲ. ದೊಡ್ಡ ಹಡಗುಗಳಿಗೆ ಹಳೆಯದೊಂದು ಲೆಕ್ಕಾಚಾರವಿದೆ: ಚಂಡಮಾರುತದ ಬಿರುಗಾಳಿ ವಲಯದ ಸುತ್ತ 24 ಗಂಟೆಗಳ ಮುನ್ಸೂಚನೆಗೆ 100, 48 ಗಂಟೆಗೆ 200, 72 ಗಂಟೆಗೆ 300 ನಾಟಿಕಲ್ ಮೈಲಿ ಸೇರಿಸಿ ಅಷ್ಟೂ ಪ್ರದೇಶವನ್ನು ಬಿಟ್ಟು ಸಾಗುವುದು. ಈಗ ಮುನ್ಸೂಚನೆಯ ತಪ್ಪು ಅಷ್ಟಿಲ್ಲದಿದ್ದರೂ ಈ ಎಚ್ಚರ ಉಳಿದಿದೆ. ಗಂಟೆಗೆ ಕೆಲವೇ ಮೈಲಿ ಸಾಗುವ ಮೀನುಗಾರಿಕೆ ಬೋಟಿಗೆ ಇದು ಸಾಧ್ಯವಿಲ್ಲ. ಅದಕ್ಕೆ ಬೇಕಾದದ್ದು ಹೊರಡುವ ಮುಂಚಿನ ಮಾತು.

ನಡುಗಡಲಿನಲ್ಲಿ ಹವಾಮಾನ ಕೇಂದ್ರಗಳಿಲ್ಲ. ಹಡಗುಗಳ ವರದಿ, ಲಂಗರು ಹಾಕಿದ ತೇಲುಬುರುಡೆಗಳು ಮತ್ತು ಉಪಗ್ರಹಗಳಿಂದ ಮಾಹಿತಿ ಸಿಗಬೇಕು. 2022ರಲ್ಲಿ ಇಸ್ರೋ ಹಾರಿಸಿದ ಓಷನ್‌ಸ್ಯಾಟ್-3ರಲ್ಲಿರುವ ಉಪಕರಣವೊಂದು ಕಡಲಿಗೆ ಸೂಕ್ಷ್ಮತರಂಗ ಕಳಿಸಿ, ನೀರಿನ ಮೇಲಿನ ಕಿರುತೆರೆಗಳಿಂದ ಅದು ಚದುರಿ ಮರಳುವ ಬಗೆಯಿಂದ ಗಾಳಿಯ ವೇಗ ಮತ್ತು ದಿಕ್ಕನ್ನು ಅಳೆಯುತ್ತದೆ. ಸುರಿಮಳೆಯಲ್ಲಿ ಮಾತ್ರ ಈ ಅಳತೆ ಕೆಡುತ್ತದೆ.

ಎಚ್ಚರಿಕೆ ನೀಡುವ ಹೊಣೆಗಾಗಿ ಜಗತ್ತಿನ ಕಡಲುಗಳನ್ನು 21 ವಲಯಗಳಾಗಿ ಹಂಚಲಾಗಿದೆ. ಉತ್ತರ ಹಿಂದೂ ಮಹಾಸಾಗರದ ಹೊಣೆ ಭಾರತೀಯ ಹವಾಮಾನ ಇಲಾಖೆಯದು. ಉಷ್ಣವಲಯದ ಅಟ್ಲಾಂಟಿಕ್ ಮತ್ತು ಪೂರ್ವ ಪೆಸಿಫಿಕ್‌ಗಳ ಪ್ರಕಟಣೆ ಮಯಾಮಿಯ ರಾಷ್ಟ್ರೀಯ ಹರಿಕೇನ್ ಕೇಂದ್ರದಿಂದ ಬರುತ್ತದೆ. ಅಲೆ ಮತ್ತು ಉಬ್ಬಲೆಗಳ ಮುನ್ಸೂಚನೆಯನ್ನು ಭಾರತದ ಕರಾವಳಿಗೆ ನೀಡುವುದು 1999ರಲ್ಲಿ ಹೈದರಾಬಾದಿನಲ್ಲಿ ಆರಂಭವಾದ ಇಂಕಾಯಿಸ್ ಸಂಸ್ಥೆ. ಬಂದರುಗಳಲ್ಲಿ 1ರಿಂದ 11ರವರೆಗಿನ ಸಂಖ್ಯೆಯ ಅಪಾಯ ಸಂಕೇತಗಳನ್ನು ಏರಿಸುವ ಪದ್ಧತಿಯೂ ಮುಂದುವರಿದಿದೆ. ದಡದಿಂದ ಹತ್ತು ಹನ್ನೆರಡು ಕಿಲೋಮೀಟರ್ ದಾಟಿದರೆ ಮೊಬೈಲ್ ನಿಲ್ಲುವುದರಿಂದ, ಉಪಗ್ರಹದ ಮೂಲಕ ಬರುವ ಎಚ್ಚರಿಕೆಯನ್ನು ಬೋಟಿನಲ್ಲಿರುವವರ ಫೋನಿಗೆ ದಾಟಿಸುವ ಜೆಮಿನಿ ಎಂಬ ಸಾಧನವನ್ನು 2019ರಲ್ಲಿ ಬಿಡುಗಡೆ ಮಾಡಲಾಯಿತು.