ಹೊಟ್ಟೆಹುಳು ಗಂಡಿಲಿಗೆ ಹೆಚ್ಚೋ, ಹೆಣ್ಣಿಲಿಗೋ?

ಪ್ರಶ್ನೆ: ಪ್ರಯೋಗಾಲಯದ ಇಲಿಗಳಲ್ಲಿ ಹುಳುಬಾಧೆ ಗಂಡು-ಹೆಣ್ಣು ಎಂದು ನೋಡಿ ಬರುತ್ತದೆಯೇ?

ಉತ್ತರ: ಖಂಡಿತ ವ್ಯತ್ಯಾಸವಿದೆ. ಅನೇಕ ಜಂತುಹುಳುಗಳಿಗೆ ಗಂಡುಪ್ರಾಣಿಯೇ ಸುಲಭದ ತುತ್ತು. ಗಂಡು ಹಾರ್ಮೋನು ಟೆಸ್ಟೋಸ್ಟೀರಾನ್ ರೋಗನಿರೋಧಕ ಶಕ್ತಿಯನ್ನು ತುಸು ತಗ್ಗಿಸುವುದು ಇದಕ್ಕೊಂದು ಕಾರಣ.

ಆದರೆ ಟೀನಿಯಾ ಕ್ರಾಸಿಸೆಪ್ಸ್ ಎಂಬ ಲಾಡಿಹುಳುವಿನ ಕಥೆ ಇದಕ್ಕೆ ತಿರುವುಮುರುವು. ನನ್ನನ್ನು ಬಹಳ ಬೆರಗುಗೊಳಿಸಿದ್ದೂ ಇದೇ. ನರಿಯ ಕರುಳಲ್ಲಿ ಬೆಳೆಯುವ ಈ ಹುಳುವಿನ ಮರಿಗಳು ಇಲಿಯ ಹೊಟ್ಟೆಯೊಳಗೆ ನೀರು ತುಂಬಿದ ಬಿಳಿ ಗುಳ್ಳೆಗಳಾಗಿ ಇರುತ್ತವೆ. ಗುಳ್ಳೆಯ ಮೈಮೇಲೆ ಮೊಗ್ಗು ಮೂಡಿ, ಕಳಚಿಕೊಂಡು, ಇನ್ನೊಂದು ಗುಳ್ಳೆಯಾಗುತ್ತದೆ. ಮೆಕ್ಸಿಕೋ ನಗರದ ವಿಜ್ಞಾನಿಗಳಾದ ಕಾರ್ಲೋಸ್ ಲರಾಲ್ದೆ, ಹೋರ್ಹೆ ಮೊರಾಲೆಸ್-ಮೊಂತೊರ್ ಮತ್ತು ಸಂಗಡಿಗರು ಕೆಲವೇ ಗುಳ್ಳೆಗಳನ್ನು ಇಲಿಗಳ ಹೊಟ್ಟೆಗೆ ಚುಚ್ಚಿ, ವಾರಗಳ ನಂತರ ತೆರೆದು ಎಣಿಸಿದರು. ಹೆಣ್ಣಿಲಿಗಳಲ್ಲಿ ಗುಳ್ಳೆಗಳು ಬಹಳ ಹೆಚ್ಚಿದ್ದವು. ಗಂಡಿನ ಬೀಜ, ಹೆಣ್ಣಿನ ಅಂಡಾಶಯ ತೆಗೆದುಹಾಕಿದಾಗ ಈ ಅಂತರ ಅಳಿಸಿಹೋಯಿತು. ಅಂದರೆ ಹೆಣ್ಣು ಹಾರ್ಮೋನು ಈಸ್ಟ್ರೋಜನ್ ಈ ಹುಳುವಿಗೆ ಅನುಕೂಲ, ಗಂಡು ಹಾರ್ಮೋನು ಅಡ್ಡಿ.

ಹುಳು ಅಷ್ಟಕ್ಕೇ ಸುಮ್ಮನಿರುವುದಿಲ್ಲ. ಸೋಂಕು ಹಳತಾದಂತೆ ಗಂಡಿಲಿಯ ರಕ್ತದಲ್ಲಿ ಟೆಸ್ಟೋಸ್ಟೀರಾನ್ ಸುಮಾರು ಶೇ. 90ರಷ್ಟು ಕುಸಿದು, ಈಸ್ಟ್ರೋಜನ್ ಸುಮಾರು 200 ಪಟ್ಟು ಏರಿತ್ತು! ಆ ಗಂಡುಗಳು ಹೆಣ್ಣನ್ನು ಕೂಡುವ ಆಸಕ್ತಿಯನ್ನೇ ಕಳೆದುಕೊಂಡವು. ಹೊಟ್ಟೆಯಲ್ಲಿ ಗುಳ್ಳೆಗಳ ಸಂಖ್ಯೆ ಹೆಣ್ಣಿಲಿಗಳಷ್ಟೇ ಆಗತೊಡಗಿತು.

ಗಂಡಿಲಿಗಳ ಮೇಲೆ ಮಾತ್ರ ಮದ್ದು ಪರೀಕ್ಷಿಸಿ ‘ಫಲಕಾರಿ’ ಎಂದು ಬರೆದ ವರದಿ ಕಂಡಾಗ ನನಗೆ ಈ ಇಲಿಗಳೇ ನೆನಪಾಗುತ್ತವೆ.