ವಿಂಡೋಸ್ 10 ಮುಗೀತು, ಹಳೆ ಕಂಪ್ಯೂಟರ್ ಮುಗಿದಿಲ್ಲ: ಅಂಗಡಿಗೆ ಯಾವ ಹಗುರ ಡೆಸ್ಕ್‌ಟಾಪ್ ಸರಿ?

ಹಾವೇರಿ: ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಉಚಿತ ಭದ್ರತಾ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನೋಂದಣಿ ಮಾಡಿಸಿಕೊಂಡ ಮನೆ ಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ಅಪ್‌ಡೇಟ್ ಯೋಜನೆ ಇದೆ. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಪೇಟೆಯ ಝೆರಾಕ್ಸ್ ಅಂಗಡಿ, ಬೀಜ-ಗೊಬ್ಬರದ ಅಂಗಡಿ, ಕಿರಾಣಿ ಅಂಗಡಿಗಳ ಕೌಂಟರ್ ಮೇಲೆ ಎಂಟು-ಹತ್ತು ವರ್ಷದ ಹಿಂದಿನ ಕಂಪ್ಯೂಟರ್ ಇದ್ದರೆ, ಅದನ್ನ ಏನು ಮಾಡೋದು ಅನ್ನೋದು ಈಗಿನ ಪ್ರಶ್ನೆ.

ವಿಂಡೋಸ್ 11 ಹಾಕಿಸೋಣ ಅಂದ್ರೆ ಅದಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು. ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನ ಪ್ರೊಸೆಸರ್‌ನಿಂದ ಮುಂದಿನದ್ದೇ ಆಗಬೇಕು. ಹಳೆಯದರಲ್ಲಿ ಇದು ಕೂರುವುದಿಲ್ಲ. ಅಪ್‌ಡೇಟ್ ಇಲ್ಲದ ಮಷೀನಿನಲ್ಲೇ ನೆಟ್ ಬ್ಯಾಂಕಿಂಗ್, ಜಿಎಸ್‌ಟಿ ಲಾಗಿನ್ ಮಾಡುತ್ತಾ ಹೋಗುವುದು ಅಪಾಯ. ಉಳಿದ ದಾರಿ ಎರಡು: ಹೊಸ ಕಂಪ್ಯೂಟರ್ ಕೊಳ್ಳುವುದು, ಇಲ್ಲವೇ ಇದ್ದದ್ದಕ್ಕೆ ದುಡ್ಡು ಕೊಡಬೇಕಿಲ್ಲದ ಲಿನಕ್ಸ್ ಹಾಕಿಕೊಳ್ಳುವುದು.

ಲಿನಕ್ಸ್‌ ಹಾಕೋಣ ಅಂದ ತಕ್ಷಣ ‘ಯಾವ ಡೆಸ್ಕ್‌ಟಾಪ್?’ ಎಂಬ ಮಾತು ಬರುತ್ತದೆ. ವಿಂಡೋಸ್‌ನಲ್ಲಿ ಈ ಆಯ್ಕೆ ಇಲ್ಲ, ಕೊಟ್ಟದ್ದೇ ಒಂದು. ಲಿನಕ್ಸ್‌ನಲ್ಲಿ ಹತ್ತಾರು ಇವೆ. ಹಳೆ ಮಷೀನ್ ಓಡುತ್ತೋ ತೆವಳುತ್ತೋ ಅನ್ನೋದಕ್ಕೆ ಈ ಆಯ್ಕೆಯೂ ಒಂದು ಕಾರಣ.

ಬರೀ ಮಳಿಗೆ, ಸಜ್ಜಾದ ಅಂಗಡಿ

ಪರದೆ ಮೇಲೆ ಒಂದು ಕಿಟಕಿ ತೆರೆದಾಗ ಅದಕ್ಕೆ ಚೌಕಟ್ಟು ಹಾಕೋದು, ಎಳೆದಲ್ಲಿಗೆ ಸರಿಸೋದು, ದೊಡ್ಡದು-ಸಣ್ಣದು ಮಾಡೋದು, ಮೂಲೆಯ ಗುಂಡಿ ಒತ್ತಿದರೆ ಮುಚ್ಚೋದು, ಇಷ್ಟು ಕೆಲಸ ಮಾಡುವ ಪ್ರೋಗ್ರಾಂಗೆ ವಿಂಡೋ ಮ್ಯಾನೇಜರ್ ಅಂತಾರೆ. ಅದರ ಜೊತೆಗೆ ಮೆನು, ಕೆಳಗಿನ ಪಟ್ಟಿ, ಗಡಿಯಾರ, ಫೈಲ್ ನೋಡುವ ಪ್ರೋಗ್ರಾಂ, ವೈಫೈ, ಪ್ರಿಂಟರ್, ಕೀಬೋರ್ಡ್ ಸೆಟ್ಟಿಂಗ್ ಎಲ್ಲ ಸೇರಿಸಿ ಕೊಟ್ಟರೆ ಅದು ಪೂರ್ತಿ ಡೆಸ್ಕ್‌ಟಾಪ್.

ಬಾಡಿಗೆ ಮಳಿಗೆಯ ಲೆಕ್ಕ ಹಾಕಿದರೆ ಸುಲಭ. ವಿಂಡೋ ಮ್ಯಾನೇಜರ್ ಒಂದೇ ಇದ್ದರೆ ಅದು ಗೋಡೆ ಮತ್ತು ಶಟರ್ ಮಾತ್ರ ಇರುವ ಮಳಿಗೆ. ಬಾಡಿಗೆ ಕಡಿಮೆ, ಆದರೆ ಕಪಾಟು, ಲೈಟು, ಕುರ್ಚಿ ನೀವೇ ಹಾಕಿಸಬೇಕು. ಪೂರ್ತಿ ಡೆಸ್ಕ್‌ಟಾಪ್ ಅಂದ್ರೆ ಎಲ್ಲ ಸಜ್ಜಾಗಿರುವ ಅಂಗಡಿ. ಹೋಗಿ ಕೂತು ವ್ಯಾಪಾರ ಶುರು ಮಾಡಬಹುದು, ಬಾಡಿಗೆ ಸ್ವಲ್ಪ ಜಾಸ್ತಿ. ಇಲ್ಲಿ ಬಾಡಿಗೆ ಅಂದ್ರೆ ರ‍್ಯಾಮ್.

ನಾಲ್ಕು ಆಯ್ಕೆ

ಎಕ್ಸ್‌ಎಫ್‌ಸಿಇ: 1990ರ ದಶಕದ ಕೊನೆಯಿಂದ ಬೆಳೆದುಬಂದದ್ದು. ಕೆಳಗೆ ಪಟ್ಟಿ, ಮೂಲೆಯಲ್ಲಿ ಮೆನು ಇರುವುದರಿಂದ ವಿಂಡೋಸ್ ಬಳಸಿದವರಿಗೆ ಬೇಗ ರೂಢಿ ಆಗುತ್ತೆ. ಲಿನಕ್ಸ್ ಮಿಂಟ್‌ನಲ್ಲಿ ಇದರದ್ದೇ ಪ್ರತ್ಯೇಕ ಆವೃತ್ತಿ ಸಿಗುತ್ತದೆ. ಮಿಂಟ್‌ನವರೇ ಹೇಳುವಂತೆ ಕನಿಷ್ಠ 2 ಜಿಬಿ ರ‍್ಯಾಮ್ ಬೇಕು, 4 ಜಿಬಿ ಇದ್ದರೆ ನೆಮ್ಮದಿ.

ಎಲ್‌ಎಕ್ಸ್‌ಕ್ಯೂಟಿ: ಇದೂ ಪೂರ್ತಿ ಡೆಸ್ಕ್‌ಟಾಪ್ ಆದರೂ ಹಗುರ. ಲುಬುಂಟುನಲ್ಲಿ ಸಿಗುತ್ತದೆ. ಅಲ್ಲಿ ಇದರ ಒಳಗೆ ಓಪನ್‌ಬಾಕ್ಸ್ ಎಂಬ ವಿಂಡೋ ಮ್ಯಾನೇಜರ್ ಕೆಲಸ ಮಾಡುತ್ತದೆ. ಸೆಟ್ಟಿಂಗ್‌ಗಳು ಎಕ್ಸ್‌ಎಫ್‌ಸಿಇಗಿಂತ ಕಡಿಮೆ.

ಐಸ್‌ಡಬ್ಲ್ಯೂಎಂ: 1997ರಲ್ಲಿ ಬಂದ ವಿಂಡೋ ಮ್ಯಾನೇಜರ್. ನೋಡೋಕೆ ಹಳೆ ವಿಂಡೋಸ್ 95 ತರಹ. ಆ್ಯಂಟಿಎಕ್ಸ್ ಎಂಬ ಲಿನಕ್ಸ್‌ನಲ್ಲಿ ಇದನ್ನೇ ಸಜ್ಜು ಮಾಡಿ ಕೊಡುತ್ತಾರೆ. ಬೇರೇನೂ ತೆರೆಯದಿದ್ದಾಗ ಸುಮಾರು 300 ಎಂಬಿ ಒಳಗೇ ಓಡುತ್ತದೆ. 1 ಜಿಬಿ ರ‍್ಯಾಮ್‌ನ ತೀರಾ ಹಳೆ ಮಷೀನಿಗೆ ಇದೇ ಗತಿ. ಉಬುಂಟು ಕೈಬಿಟ್ಟಿರುವ 32 ಬಿಟ್ ಕಂಪ್ಯೂಟರಿಗೂ ಆ್ಯಂಟಿಎಕ್ಸ್ 23 ಸಿಗುತ್ತದೆ.

ಐ3: 2009ರಲ್ಲಿ ಬಂದದ್ದು. ಕಿಟಕಿಗಳನ್ನ ಒಂದರ ಮೇಲೊಂದು ಇಡದೆ ನೆಲಕ್ಕೆ ಫರಸಿ ಜೋಡಿಸಿದಂತೆ ತಾನೇ ಜೋಡಿಸುತ್ತದೆ. ಬಹುಪಾಲು ಕೆಲಸ ಕೀಬೋರ್ಡ್‌ನಲ್ಲೇ. ಬದಲಾವಣೆ ಬೇಕಾದ್ರೆ ಒಂದು ಫೈಲ್ ತೆರೆದು ಸಾಲು ಬರೀಬೇಕು. ಪ್ರೋಗ್ರಾಮಿಂಗ್ ಕಲಿಯುವ ಹುಡುಗರಿಗೆ ಬಹಳ ಇಷ್ಟ. ಗಿರಾಕಿ ಎದುರಿಗೆ ನಿಂತಿರುವ ಕೌಂಟರ್‌ಗೆ ಇದು ಹೊಂದುವುದಿಲ್ಲ.

ಹಗುರ ಅಂದ್ರೆ ಎಷ್ಟು ಹಗುರ?

ತೀರಾ ಹಗುರವಾದದ್ದೇ ಒಳ್ಳೇದು ಅನ್ನೋದು ಸಾಮಾನ್ಯ ತಪ್ಪು ತಿಳಿವಳಿಕೆ. ಎಕ್ಸ್‌ಎಫ್‌ಸಿಇ ಬಿಟ್ಟು ಐಸ್‌ಡಬ್ಲ್ಯೂಎಂ ಹಾಕಿದರೆ ಕೆಲವು ನೂರು ಎಂಬಿ ಉಳಿಯಬಹುದು. ಆದರೆ ಬ್ರೌಸರ್‌ನಲ್ಲಿ ಜಿಎಸ್‌ಟಿ ಪೋರ್ಟಲ್, ವಾಟ್ಸ್‌ಆ್ಯಪ್ ವೆಬ್, ಇನ್ನೆರಡು ಪುಟ ತೆರೆದರೆ ಅದೊಂದೇ 1 ಜಿಬಿ ದಾಟುತ್ತದೆ. ರ‍್ಯಾಮ್ ನುಂಗೋದು ಬಹಳ ಸಲ ಬ್ರೌಸರ್. 4 ಜಿಬಿ ಇರುವ ಮಷೀನಿನಲ್ಲಿ ಆ ಉಳಿತಾಯ ಕಣ್ಣಿಗೇ ಕಾಣುವುದಿಲ್ಲ. ಹಳೆ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದರೆ ಸಿಗುವ ವೇಗ ಅದಕ್ಕಿಂತ ಎಷ್ಟೋ ಹೆಚ್ಚು.

ಉಳಿಸಿದ್ದಕ್ಕೆ ಬೆಲೆಯೂ ತೆರಬೇಕು. ಬರೀ ವಿಂಡೋ ಮ್ಯಾನೇಜರ್‌ನಲ್ಲಿ ಪೆನ್‌ಡ್ರೈವ್ ಹಾಕಿದರೆ ತಾನಾಗಿ ತೆರೆಯದೇ ಇರಬಹುದು, ವೈಫೈ ಗುರುತು ಕಾಣದೇ ಇರಬಹುದು. ಮಾಲೀಕರು ಊರಲ್ಲಿಲ್ಲದ ದಿನ ಅಂಗಡಿಯ ಹುಡುಗ ಇದನ್ನ ಸರಿ ಮಾಡಬೇಕು. ಅವನಿಗೆ ಆಗದಿದ್ದರೆ ಆ ದಿನದ ಕೆಲಸ ನಿಂತಂತೆ. ಹಾಗಾಗಿ ಕೌಂಟರಿನಲ್ಲಿ ಕೂರುವವರು ಯಾರನ್ನೂ ಕೇಳದೆ ನಡೆಸಬಲ್ಲ ಡೆಸ್ಕ್‌ಟಾಪ್‌ಗಳಲ್ಲಿ ಹಗುರವಾದದ್ದು ಯಾವುದೋ ಅದನ್ನ ಆರಿಸಿ. 4 ಜಿಬಿ ಇದ್ದರೆ ಎಕ್ಸ್‌ಎಫ್‌ಸಿಇ, 2 ಜಿಬಿ ಇದ್ದರೆ ಎಲ್‌ಎಕ್ಸ್‌ಕ್ಯೂಟಿ, ಅದಕ್ಕೂ ಕಡಿಮೆ ಇದ್ದರೆ ಮಾತ್ರ ಐಸ್‌ಡಬ್ಲ್ಯೂಎಂ.

ಕನ್ನಡ ಟೈಪಿಂಗ್ ಮೊದಲು ನೋಡಿ

ಅರ್ಜಿ, ಕರಾರುಪತ್ರ, ರೈತರ ಬಿಲ್ ಎಲ್ಲ ಕನ್ನಡದಲ್ಲಿ ಬೇಕು. ನುಡಿ ತಂತ್ರಾಂಶ ವಿಂಡೋಸ್‌ಗೆ ಮಾಡಿದ್ದು. ಆದರೆ ನುಡಿಯಲ್ಲಿ ಕಲಿತ ಕಗಪ ಕೀಲಿಮಣೆ ಲಿನಕ್ಸ್‌ನಲ್ಲೂ ಇದೆ. ಐಬಸ್ ಎಂಬ ಪ್ರೋಗ್ರಾಂ ಮತ್ತು ಅದರ ಎಂ17ಎನ್ ಭಾಗ ಹಾಕಿಕೊಂಡು, ಕನ್ನಡದಲ್ಲಿ ಕಗಪ ಆರಿಸಿದರೆ ಸಾಕು. ಬೆರಳಿನ ರೂಢಿ ಹಾಗೇ ಉಳಿಯುತ್ತದೆ. ಪೂರ್ತಿ ಡೆಸ್ಕ್‌ಟಾಪ್‌ನಲ್ಲಿ ಇದನ್ನ ಮೆನುವಿನಿಂದಲೇ ಮಾಡಬಹುದು. ಬರೀ ವಿಂಡೋ ಮ್ಯಾನೇಜರ್‌ನಲ್ಲಿ ಮಷೀನ್ ಆನ್ ಆದಾಗಲೆಲ್ಲ ಐಬಸ್ ಶುರುವಾಗುವಂತೆ ಫೈಲಿನಲ್ಲಿ ಸಾಲು ಸೇರಿಸಬೇಕಾಗುತ್ತದೆ.

ಇಲ್ಲಿ ಬರುವುದು ಯೂನಿಕೋಡ್ ಅಕ್ಷರ. ಹಳೆ ನುಡಿ ಫಾಂಟಿನಲ್ಲಿ ಮಾಡಿದ ಫೈಲ್ ತೆರೆದರೆ ಇಂಗ್ಲಿಷ್ ಅಕ್ಷರಗಳ ಗೋಜಲು ಕಾಣಬಹುದು. ಅಂಥ ಫೈಲನ್ನು ಯೂನಿಕೋಡ್‌ಗೆ ಬದಲಿಸಿಕೊಳ್ಳಬೇಕು. ಅದಕ್ಕೆ ಪರಿವರ್ತಕಗಳು ಸಿಗುತ್ತವೆ.

ಕನ್ನಡ ಮತ್ತು ಲಿನಕ್ಸ್ ಜೋಡಿ ಹೊಸದೇನೂ ಅಲ್ಲ. ಕೇರಳದ ಸರ್ಕಾರಿ ಶಾಲೆಗಳಲ್ಲಿ ಕೈಟ್ ಸಂಸ್ಥೆ ಸಿದ್ಧಪಡಿಸಿದ, ಉಬುಂಟು ಆಧಾರಿತ ಲಿನಕ್ಸ್ ಬಳಕೆಯಲ್ಲಿದೆ. ಕಾಸರಗೋಡು, ಮಂಜೇಶ್ವರ ಕಡೆಯ ಕನ್ನಡ ಮಾಧ್ಯಮದ ಮಕ್ಕಳು ಕಂಪ್ಯೂಟರ್ ಪಾಠ ಕಲಿಯೋದು ಅದರಲ್ಲೇ.

ಯಾರು ಬದಲಾಯಿಸಬಾರದು?

ಟ್ಯಾಲಿ ಬಳಸುವವರು ವಿಂಡೋಸ್ ಬಿಡುವಂತಿಲ್ಲ, ಅದು ವಿಂಡೋಸ್‌ಗೆ ಮಾಡಿದ ಪ್ರೋಗ್ರಾಂ. ಲಗ್ನಪತ್ರಿಕೆ, ಬ್ಯಾನರ್ ಮಾಡುವ ಡಿಟಿಪಿ ಅಂಗಡಿಗಳ ಪೇಜ್‌ಮೇಕರ್, ಕೋರಲ್‌ಡ್ರಾ ಕೆಲಸಕ್ಕೂ ಇದೇ ಮಾತು. ಹೆಬ್ಬೆಟ್ಟು ಪಡೆಯುವ ಬಯೋಮೆಟ್ರಿಕ್ ಸಾಧನ ಇಟ್ಟುಕೊಂಡ ಸೇವಾ ಕೇಂದ್ರದವರು, ಡಿಜಿಟಲ್ ಸಹಿಯ ಡಾಂಗಲ್ ಬಳಸುವವರು ತಮ್ಮ ಸಾಧನಕ್ಕೆ ಲಿನಕ್ಸ್ ಡ್ರೈವರ್ ಇದೆಯೇ ಎಂದು ಖಾತ್ರಿ ಮಾಡಿಕೊಳ್ಳದೆ ಕೈಹಾಕಬಾರದು. ಒಬ್ಬರೇ ಮಾಲೀಕರ ಅಂಗಡಿಯವರು ಜಿಎಸ್‌ಟಿ ರಿಟರ್ನ್ ಅನ್ನು ಒಟಿಪಿಯಿಂದಲೇ ಸಲ್ಲಿಸಬಹುದಾದ್ದರಿಂದ ಅವರಿಗೆ ಬ್ರೌಸರ್ ಇದ್ದರೆ ಸಾಕು.

ಪ್ರಿಂಟರ್ ವಿಷಯವೂ ಹಾಗೇ. ಎಚ್‌ಪಿಯ ಬಹಳಷ್ಟು ಮಾದರಿ ನಡೆಯುತ್ತವೆ. ಲೇಸರ್‌ಜೆಟ್ 1020 ತರಹದ್ದಕ್ಕೆ ಒಂದು ಪ್ಲಗಿನ್ ಇಳಿಸಿಕೊಳ್ಳಬೇಕು. ಕ್ಯಾನನ್ ಎಲ್‌ಬಿಪಿ 2900 ಇದ್ದರೆ ಬೇರೆ ಡ್ರೈವರ್ ಹಾಕಬೇಕು, ಅದು ಸ್ವಲ್ಪ ತಲೆನೋವಿನ ಕೆಲಸ.

ಅಳಿಸೋ ಮುಂಚೆ ಓಡಿಸಿ ನೋಡಿ

* ವಿಂಡೋಸ್‌ನಲ್ಲಿ ‘ದಿಸ್ ಪಿಸಿ’ ಮೇಲೆ ರೈಟ್ ಕ್ಲಿಕ್ ಮಾಡಿ ‘ಪ್ರಾಪರ್ಟೀಸ್’ ತೆರೆಯಿರಿ. ರ‍್ಯಾಮ್ ಎಷ್ಟು, 64 ಬಿಟ್ಟೋ 32 ಬಿಟ್ಟೋ ಬರೆದುಕೊಳ್ಳಿ.
* 8 ಜಿಬಿ ಪೆನ್‌ಡ್ರೈವ್‌ಗೆ ರೂಫಸ್ ಎಂಬ ಪ್ರೋಗ್ರಾಂನಿಂದ ಲಿನಕ್ಸ್ ಹಾಕಿ. ಪೆನ್‌ಡ್ರೈವ್‌ನಲ್ಲಿ ಇದ್ದದ್ದೆಲ್ಲ ಅಳಿಸಿಹೋಗುತ್ತದೆ, ಮೊದಲೇ ಬೇರೆ ಕಡೆ ಇಟ್ಟುಕೊಳ್ಳಿ.
* ಮಷೀನ್ ಆನ್ ಮಾಡುವಾಗ ಎಫ್12, ಎಫ್9 ಅಥವಾ ಎಸ್ಕೇಪ್ ಒತ್ತಿ ಪೆನ್‌ಡ್ರೈವ್ ಆರಿಸಿ. ಯಾವ ಕೀ ಅನ್ನೋದು ಕಂಪನಿ ಮೇಲೆ ಹೋಗುತ್ತದೆ. ‘ಇನ್‌ಸ್ಟಾಲ್’ ಒತ್ತಬೇಡಿ. ಒಳಗಿನ ಡಿಸ್ಕ್ ಮುಟ್ಟದೆ ಲಿನಕ್ಸ್ ಪೆನ್‌ಡ್ರೈವ್‌ನಿಂದಲೇ ಓಡುತ್ತದೆ, ಸ್ವಲ್ಪ ನಿಧಾನ ಇರುತ್ತದೆ ಅಷ್ಟೇ.
* ಕನ್ನಡದಲ್ಲಿ ಒಂದು ಅರ್ಜಿ ಟೈಪ್ ಮಾಡಿ, ಪ್ರಿಂಟ್ ಕೊಡಿ, ಸ್ಕ್ಯಾನ್ ಮಾಡಿ, ಬ್ಯಾಂಕ್ ಪುಟ ತೆರೆಯಿರಿ. ಕೌಂಟರಿನಲ್ಲಿ ಕೂರುವವರ ಕೈಗೂ ಕೊಟ್ಟು ನೋಡಿ.
* ಎಲ್ಲ ಸರಿ ಬಂದರೆ ಬಿಲ್, ಫೋಟೊ, ಗಿರಾಕಿ ಪಟ್ಟಿಯನ್ನು ಬೇರೆ ಡಿಸ್ಕ್‌ಗೆ ತೆಗೆದಿಟ್ಟು ಆಮೇಲೆ ಇನ್‌ಸ್ಟಾಲ್ ಮಾಡಿ. ಯಾವುದಾದರೂ ಒಂದು ನಡೆಯದಿದ್ದರೆ ಪೆನ್‌ಡ್ರೈವ್ ತೆಗೆದು ಮಷೀನ್ ಮತ್ತೆ ಆನ್ ಮಾಡಿದರೆ ಹಳೆ ವಿಂಡೋಸ್ ಹಾಗೇ ಇರುತ್ತದೆ.